ಸಣ್ಣ ವೆಬ್ ಅಪ್ಲಿಕೇಶನ್‌ನ ಡೇಟಾ ಎಲ್ಲಿಡಬೇಕು? ಬ್ರೌಸರ್, ಜೇಸನ್ ಫೈಲ್, ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ನಡುವೆ ಆಯ್ಕೆ

ಕರಾವಳಿಯ ಒಂದು ದೇವಸ್ಥಾನದ ಯಕ್ಷಗಾನ ಮೇಳಗಳ ಹರಕೆ ಆಟದ ಬುಕಿಂಗನ್ನು ವೆಬ್‌ಗೆ ತರಬೇಕು ಎಂದಿಟ್ಟುಕೊಳ್ಳಿ. ದೀಪಾವಳಿ ಕಳೆದು ಹೊರಟ ತಿರುಗಾಟ ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮುಗಿಯುವವರೆಗೆ ಸುಮಾರು 180 ರಾತ್ರಿ. ಐದು ಮೇಳವಿದ್ದರೆ ವರ್ಷಕ್ಕೆ 900 ಆಟ. ಒಂದೊಂದು ಆಟಕ್ಕೂ ದಿನಾಂಕ, ಎಷ್ಟನೇ ಮೇಳ, ಸೇವಾಕರ್ತರ ಹೆಸರು, ಊರು, ಫೋನ್ ನಂಬರ್, ಪ್ರಸಂಗ, ಮುಂಗಡ ಹಣ ಬರೆದಿಡಬೇಕು. ಕನ್ನಡದ ಒಂದು ಯುನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. 200 ಚಿಹ್ನೆಯ ಸಾಲಿಗೆ 600 ಬೈಟ್ ಎಂದರೆ ವರ್ಷಕ್ಕೆ ಅರ್ಧ ಎಂಬಿ ಚಿಲ್ಲರೆ. ಹತ್ತು ವರ್ಷದ ಆಟ ಮೊದಲೇ ಬುಕ್ ಆಗಿದ್ದರೂ ಐದೂವರೆ ಎಂಬಿ ದಾಟುವುದಿಲ್ಲ.

ಇಷ್ಟು ಡೇಟಾ ಎಲ್ಲಿಟ್ಟರೂ ಹಿಡಿಸುತ್ತದೆ. ಹಾಗಾಗಿ ಗಾತ್ರ ನೋಡಿ ಆಯ್ಕೆ ಮಾಡಲು ಹೊರಟರೆ ಯಾವ ಉತ್ತರವೂ ಸಿಗುವುದಿಲ್ಲ. ನೋಡಬೇಕಾದ್ದು ಮೂರು ವಿಷಯ. ಒಂದೇ ಹೊತ್ತಿಗೆ ಬರೆಯುವವರು ಎಷ್ಟು ಜನ? ಒಂದು ಸಾಲು ಕಳೆದುಹೋದರೆ ಯಾರಿಗೆ ಏನು ನಷ್ಟ? ಅಪ್ಲಿಕೇಶನ್ ಓಡುವುದು ಒಂದು ಯಂತ್ರದಲ್ಲೋ ಹಲವು ಯಂತ್ರಗಳಲ್ಲೋ, ಆ ಯಂತ್ರದ ಡಿಸ್ಕ್ ನಾಳೆಯೂ ಇರುತ್ತದೆಯೋ? ಈ ಮೂರಕ್ಕೂ ಉತ್ತರ ಗೊತ್ತಿದ್ದರೆ ಅರ್ಧ ಗಂಟೆಯಲ್ಲಿ ತೀರ್ಮಾನ ಆಗುತ್ತದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದೇ ಸರ್ವರ್, ಅದಕ್ಕೆ ಉಳಿಯುವ ಡಿಸ್ಕ್, ಬರೆಯುವವರು ಒಬ್ಬರಿಗಿಂತ ಹೆಚ್ಚು ಎಂದಾದರೆ ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸ್ ಹಾಕಿ. ಬರೆಯುವವರು ಒಬ್ಬರೇ, ವಾರಕ್ಕೊಮ್ಮೆ ಬದಲಾಗುವ ಪಟ್ಟಿ ಎಂದಾದರೆ ಜೇಸನ್ ಫೈಲ್, ಅಂದರೆ ಮಾಹಿತಿಯನ್ನು ಸರಳ ಪಠ್ಯವಾಗಿ ಬರೆದಿಡುವ ಫೈಲ್, ಸಾಕು. ಸರ್ವರ್ ಎರಡಾದ ದಿನ ಪ್ರತ್ಯೇಕ ಸರ್ವರ್ ಆಗಿ ಓಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್ ಬೇಕು. ಬ್ರೌಸರ್‌ನಲ್ಲಿ ಇಡುವುದೆಲ್ಲ ನಕಲು ಪ್ರತಿ ಮಾತ್ರ, ಮೂಲ ಪ್ರತಿ ಅಲ್ಲಿರಬಾರದು. ಇದು ಯಾಕೆ ಹೀಗೆ, ಎಲ್ಲೆಲ್ಲಿ ಕೈಕೊಡುತ್ತದೆ ಎನ್ನುವುದು ಮುಂದಿದೆ.

ಬ್ರೌಸರ್‌ನೊಳಗೆ

ಕುಕೀಯಲ್ಲಿ, ಅಂದರೆ ಸೈಟ್ ಬ್ರೌಸರ್‌ನಲ್ಲಿ ಇಡಿಸುವ ಚಿಕ್ಕ ಚೀಟಿಯಲ್ಲಿ, ಡೇಟಾ ಇಡುವ ಅಭ್ಯಾಸ ಹಳೆಯದು. ಒಂದು ಕುಕೀಗೆ 4096 ಬೈಟ್ ಮಿತಿ. ಕನ್ನಡ ಅಕ್ಷರವನ್ನು ಕುಕೀಯಲ್ಲಿ ಹಾಕುವ ಮುಂಚೆ ಪರ್ಸೆಂಟ್ ಎನ್‌ಕೋಡಿಂಗ್ ಮಾಡಬೇಕು (ಪ್ರತಿ ಬೈಟನ್ನೂ % ಮತ್ತು ಎರಡು ಅಕ್ಷರವಾಗಿ ಬರೆಯುವುದು), ಆಗ 3 ಬೈಟಿನ ಒಂದು ಚಿಹ್ನೆ 9 ಬೈಟ್ ಆಗುತ್ತದೆ. ಅಂದರೆ ಒಂದು ಕುಕೀಯಲ್ಲಿ ಹಿಡಿಸುವುದು ಹೆಚ್ಚೆಂದರೆ 450 ಚಿಹ್ನೆ. ಅದೂ ಆ ಸೈಟಿಗೆ ಹೋಗುವ ಪ್ರತಿ ರಿಕ್ವೆಸ್ಟ್ ಜತೆಗೆ, ಚಿತ್ರ ತರಲು ಹೋದಾಗಲೂ, ಹೊತ್ತುಕೊಂಡು ಹೋಗಬೇಕು. ಕುಕೀಯಲ್ಲಿ ಲಾಗಿನ್ ಆದವರನ್ನು ಗುರುತಿಸುವ ಸೆಷನ್ ಐಡಿ ಒಂದನ್ನಿಡಿ, ಎಚ್‌ಟಿಟಿಪಿ-ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಎಂಬ ಮೂರೂ ಸುರಕ್ಷತಾ ಗುರುತು ಹಾಕಿ, ಉಳಿದದ್ದನ್ನು ಬೇರೆ ಕಡೆ ಇಡಿ.

ಬ್ರೌಸರ್‌ನೊಳಗಿನ ಇನ್ನೊಂದು ಸಂಗ್ರಹವಾದ ಲೋಕಲ್‌ಸ್ಟೋರೇಜ್ ಬಳಸುವುದು ಬಹಳ ಸುಲಭ, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಒಂದು ಒರಿಜಿನ್‌ಗೆ (ಒಂದು ಸೈಟ್ ವಿಳಾಸಕ್ಕೆ) ಸುಮಾರು 5 ಎಂಬಿ. ಇಡಬಹುದಾದ್ದು ಬರೀ ಸ್ಟ್ರಿಂಗ್ (ಪಠ್ಯ), ಹಾಗಾಗಿ 900 ಸಾಲನ್ನೂ ಒಂದೇ ಜೇಸನ್ ಸ್ಟ್ರಿಂಗ್ ಮಾಡಿ ಇಡುತ್ತಾರೆ. ಒಂದು ಫೋನ್ ನಂಬರ್ ತಿದ್ದಲು ಇಡೀ ಸ್ಟ್ರಿಂಗ್ ಓದಿ, ಬಿಡಿಸಿ, ಮತ್ತೆ ಕಟ್ಟಿ ಬರೆಯಬೇಕು. ಇದೆಲ್ಲ ಪುಟದ ಮುಖ್ಯ ಥ್ರೆಡ್‌ನಲ್ಲೇ, ಅಂದರೆ ಪರದೆಯನ್ನೂ ನಡೆಸುವ ಕೆಲಸದ ಸಾಲಿನಲ್ಲೇ, ನಡೆಯುವುದರಿಂದ ಕಡಿಮೆ ಬೆಲೆಯ ಫೋನಿನಲ್ಲಿ ಪರದೆ ಒಂದು ಕ್ಷಣ ಗಟ್ಟಿಯಾಗಿ ನಿಲ್ಲುತ್ತದೆ. ಎರಡು ಟ್ಯಾಬ್ ತೆರೆದಿದ್ದರೆ ಕೊನೆಗೆ ಬರೆದ ಟ್ಯಾಬ್‌ನದ್ದು ಉಳಿಯುತ್ತದೆ, ಮೊದಲಿನದ್ದು ಸದ್ದಿಲ್ಲದೆ ಹೋಗುತ್ತದೆ. ಜಾಗ ತುಂಬಿದಾಗ ಕೋಟಾ ಎಕ್ಸೀಡೆಡ್ ಎರರ್ ಬರುತ್ತದೆ. ಅದನ್ನು ಹಿಡಿಯದೆ ಬಿಟ್ಟರೆ ಬಳಕೆದಾರರು ಉಳಿಸಿದೆ ಎಂದುಕೊಂಡದ್ದು ಉಳಿದೇ ಇರುವುದಿಲ್ಲ. ಲಾಗಿನ್ ಟೋಕನ್ ಅನ್ನಂತೂ ಇಲ್ಲಿ ಇಡಬೇಡಿ. ಪುಟದೊಳಗೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಹುದು.

ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಐಫೋನ್ ಮತ್ತು ಮ್ಯಾಕ್‌ನ ಸಫಾರಿ, 2020ರಿಂದ ಈಚೆಗೆ, ಬಳಕೆದಾರರು ಏಳು ದಿನ ಸಫಾರಿ ಬಳಸಿಯೂ ನಿಮ್ಮ ಸೈಟನ್ನು ಮುಟ್ಟದಿದ್ದರೆ ಸ್ಕ್ರಿಪ್ಟ್ ಬರೆದಿಟ್ಟ ಸಂಗ್ರಹವನ್ನು ಅಳಿಸುತ್ತದೆ. ಲೋಕಲ್‌ಸ್ಟೋರೇಜ್, ಮುಂದೆ ಹೇಳುವ ಇಂಡೆಕ್ಸ್ಡ್‌ಡಿಬಿ ಎರಡೂ ಇದರಲ್ಲಿ ಬರುತ್ತವೆ. ಹೋಮ್ ಸ್ಕ್ರೀನ್‌ಗೆ ಸೇರಿಸಿದ ವೆಬ್ ಆಪ್‌ಗೆ ಈ ಲೆಕ್ಕ ಬೇರೆ. ಮಳೆಗಾಲದಲ್ಲಿ ಆಟವಿಲ್ಲ, ಮೇಳದ ಮ್ಯಾನೇಜರ್ ಎರಡು ವಾರ ಸೈಟ್ ತೆರೆಯಲಿಲ್ಲ ಎಂದರೆ ಅವರ ಫೋನಿನಲ್ಲಿ ಬರೆದಿಟ್ಟ ಟಿಪ್ಪಣಿ ಮಾಯ.

ಇಂಡೆಕ್ಸ್ಡ್‌ಡಿಬಿ ಬ್ರೌಸರ್‌ನೊಳಗಿನ ನಿಜವಾದ ಡೇಟಾಬೇಸ್. ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಏನೂ ಆಗದ ಬದಲಾವಣೆಗಳ ಗುಂಪು) ಇದೆ, ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಇದೆ, ಮುಖ್ಯ ಥ್ರೆಡ್ ತಡೆಯುವುದಿಲ್ಲ, ಜಾಗವೂ ಧಾರಾಳ. ಕ್ರೋಮ್ ಒಂದು ಒರಿಜಿನ್‌ಗೆ ಡಿಸ್ಕಿನ ಶೇ. 60ರವರೆಗೂ ಕೊಡುತ್ತದೆ. ನೆಟ್‌ವರ್ಕ್ ಸಿಗದ ಊರಿನ ಗದ್ದೆಯಲ್ಲಿ ಆಟ ನಡೆಯುವಾಗ ಹಾಜರಿ, ಖರ್ಚು ಬರೆದುಕೊಂಡು, ಸಿಗ್ನಲ್ ಸಿಕ್ಕ ಮೇಲೆ ಸರ್ವರ್‌ಗೆ ಕಳಿಸುವ ಕೆಲಸಕ್ಕೆ ಇದೇ ಸರಿ. ಇದನ್ನು ನೇರವಾಗಿ ಬಳಸಿದರೆ ಕೋಡ್ ಬೆಳೆದುಹೋಗುತ್ತದೆ, ಡೆಕ್ಸಿಯಂಥ ಲೈಬ್ರರಿ ಇಟ್ಟುಕೊಳ್ಳಿ. ಎರಡು ಕಡೆ ಎಡವುತ್ತಾರೆ. ಟ್ರಾನ್ಸಾಕ್ಷನ್ ತೆರೆದು ಅದರ ನಡುವೆ ಸರ್ವರ್‌ನ ಉತ್ತರಕ್ಕೆ ಕಾದರೆ, ಕೆಲಸವಿಲ್ಲದೆ ಕೂತ ಟ್ರಾನ್ಸಾಕ್ಷನ್ ತಾನಾಗಿ ಮುಗಿದು ಮುಂದಿನ ಬರಹ ‘ಟ್ರಾನ್ಸಾಕ್ಷನ್ ಇನ್‌ಆಕ್ಟಿವ್’ ಎಂಬ ದೋಷಕ್ಕೆ ಬೀಳುತ್ತದೆ. ಸರ್ವರ್‌ನಿಂದ ತರಬೇಕಾದ್ದನ್ನು ಮೊದಲೇ ತಂದಿಟ್ಟುಕೊಂಡು ಆಮೇಲೆ ಟ್ರಾನ್ಸಾಕ್ಷನ್ ತೆರೆಯಿರಿ. ಇನ್ನೊಂದು, ಹೊಸ ಆವೃತ್ತಿಯ ಸ್ಕೀಮಾಗೆ (ಡೇಟಾದ ರಚನೆಗೆ) ಏರಿಸುವಾಗ ಹಳೆಯ ಟ್ಯಾಬ್ ತೆರೆದೇ ಇದ್ದರೆ ಏರಿಕೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ವರ್ಷನ್‌ಚೇಂಜ್ ಈವೆಂಟ್ ಬಂದಾಗ ಹಳೆಯ ಟ್ಯಾಬ್ ತನ್ನ ಸಂಪರ್ಕ ಮುಚ್ಚುವಂತೆ ಮೊದಲ ದಿನವೇ ಬರೆದಿಡಬೇಕು.

ಫೋನಿನಿಂದ ಸರ್ವರ್‌ಗೆ ಕಳಿಸುವ ಪ್ರತಿ ಸಾಲಿಗೂ ಬ್ರೌಸರ್‌ನಲ್ಲೇ ಒಂದು ಯುಯುಐಡಿ, ಅಂದರೆ ಬೇರೆಲ್ಲೂ ಬರದ ಗುರುತು ಸಂಖ್ಯೆ, ಹಾಕಿ. ಉತ್ತರ ಬರುವ ಮೊದಲೇ ಸಿಗ್ನಲ್ ಹೋದರೆ ಫೋನ್ ಅದನ್ನೇ ಮತ್ತೆ ಕಳಿಸುತ್ತದೆ. ಐಡಿ ಒಂದೇ ಇದ್ದರೆ ಎರಡನೆಯದನ್ನು ಸರ್ವರ್ ಬಿಟ್ಟುಬಿಡಬಹುದು, ಇಲ್ಲದಿದ್ದರೆ ಒಂದೇ ಖರ್ಚು ಎರಡು ಸಲ ಏರುತ್ತದೆ.

ಜೇಸನ್ ಫೈಲ್: ಎಲ್ಲಿಯವರೆಗೆ ಸಾಕು

ಮೇಳಗಳ ಹೆಸರು, ಕಲಾವಿದರ ಪಟ್ಟಿ, ಪ್ರಸಂಗಗಳ ಪಟ್ಟಿ ಇಂಥವು ವರ್ಷಕ್ಕೆ ಎರಡು ಸಲ ಬದಲಾಗುವ ಮಾಹಿತಿ. ಇವಕ್ಕೆ ಜೇಸನ್ ಫೈಲ್ ಇಟ್ಟು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಸೇರಿಸಿ, ಕೋಡ್ ಜತೆಗೇ ಡಿಪ್ಲಾಯ್ ಮಾಡಿದರೆ (ಸರ್ವರ್‌ಗೆ ಏರಿಸಿದರೆ) ಬೇರೇನೂ ಬೇಡ. ಯಾರು ಯಾವಾಗ ಏನು ಬದಲಿಸಿದರು ಎನ್ನುವ ಇತಿಹಾಸವೂ ಪುಕ್ಕಟೆ ಸಿಗುತ್ತದೆ. ಜೇಸನ್ ಬದಲು ಅದೇ ಕೆಲಸದ ಯಾಮಲ್ ರೂಪ ಬಳಸುವವರು ಒಂದನ್ನು ನೆನಪಿಡಿ. ಹಳೆಯ 1.1 ನಿಯಮ ಪಾಲಿಸುವ ಪಾರ್ಸರ್‌ಗಳು (ಫೈಲ್ ಓದುವ ಪ್ರೋಗ್ರಾಮ್‌ಗಳು) ಉದ್ಧರಣ ಚಿಹ್ನೆ ಇಲ್ಲದ ‘ನೋ’, ‘ಯೆಸ್’ ಎಂಬ ಇಂಗ್ಲಿಷ್ ಪದಗಳನ್ನು ಸುಳ್ಳು, ನಿಜ ಎಂಬ ಬೂಲಿಯನ್ ಆಗಿಸುತ್ತವೆ.

ಬುಕಿಂಗ್ ಮಾತ್ರ ಇದರಲ್ಲಿಡಬಾರದು. ಯಾಕೆ ಎಂದು ಗಡಿಯಾರ ಇಟ್ಟುಕೊಂಡು ನೋಡೋಣ. ಬೆಳಿಗ್ಗೆ 10:02:15ಕ್ಕೆ ಕಚೇರಿಯ ಗುಮಾಸ್ತರು ಫೆಬ್ರವರಿ 14ಕ್ಕೆ ಒಂದನೇ ಮೇಳವನ್ನು ಕೊಕ್ಕಡದ ಒಬ್ಬರಿಗೆ ಬರೆಯಲು ಗುಂಡಿ ಒತ್ತುತ್ತಾರೆ, ಸರ್ವರ್ ಇಡೀ ಫೈಲ್ ಓದಿಕೊಳ್ಳುತ್ತದೆ. ಅದೇ ಸೆಕೆಂಡಿನಲ್ಲಿ ಊರಿನಾಚೆಯಿಂದ ಮ್ಯಾನೇಜರ್ ಫೆಬ್ರವರಿ 20ಕ್ಕೆ ಇನ್ನೊಂದು ಆಟ ಬರೆಯುತ್ತಾರೆ, ಅವರ ರಿಕ್ವೆಸ್ಟ್ ಕೂಡ ಹಳೆಯ ಫೈಲನ್ನೇ ಓದಿಕೊಳ್ಳುತ್ತದೆ. ಗುಮಾಸ್ತರದ್ದು ಬರೆದಾಯಿತು. ಮರುಕ್ಷಣ ಮ್ಯಾನೇಜರ್‌ದು ಬರೆದಾಯಿತು, ಅದರಲ್ಲಿ ಕೊಕ್ಕಡದ ಸಾಲು ಇಲ್ಲವೇ ಇಲ್ಲ. ಇಬ್ಬರ ಪರದೆಯಲ್ಲೂ ‘ಉಳಿಸಲಾಗಿದೆ’ ಎಂದೇ ಬಂದಿದೆ. ಕೊಕ್ಕಡದವರಿಗೆ ರಸೀದಿಯೂ ಹೋಗಿದೆ. ಇದು ಬಯಲಾಗುವುದು ಫೆಬ್ರವರಿ 14ರ ಹತ್ತಿರಕ್ಕೆ, ಚಪ್ಪರ ಹಾಕಿ ಊರಿಗೆಲ್ಲ ಊಟದ ಕರೆ ಕೊಟ್ಟಾದ ಮೇಲೆ.

ಪ್ರೋಗ್ರಾಮ್‌ನೊಳಗೆ ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಒಂದು ಲಾಕ್ ಇಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಪ್ಲಿಕೇಶನ್ ಓಡಿಸುವ ಗುನಿಕಾರ್ನ್ ಅಥವಾ ಪಿಎಂ2 ಅದರ ನಾಲ್ಕು ಪ್ರತಿ (ವರ್ಕರ್) ಓಡಿಸುತ್ತಿದ್ದರೆ ಆ ಲಾಕ್ ಒಂದು ವರ್ಕರ್‌ನೊಳಗಷ್ಟೇ ಕೆಲಸ ಮಾಡುತ್ತದೆ, ಉಳಿದ ಮೂರಕ್ಕೆ ಅದರ ಗೊಡವೆಯೇ ಇಲ್ಲ.

ಒಬ್ಬರೇ ಬರೆಯುವಾಗಲೂ ಫೈಲ್ ಹಾಳಾಗುವ ದಾರಿ ಇದೆ. ಫೈಲನ್ನು ಬರೆಯಲು ತೆರೆದ ಕ್ಷಣ ಅದು ಖಾಲಿಯಾಗುತ್ತದೆ, ಆಗಲೇ ಕರೆಂಟ್ ಹೋದರೆ ಅಥವಾ ಪ್ರೋಗ್ರಾಮ್ ಬಿದ್ದರೆ ಕೈಯಲ್ಲಿ ಉಳಿಯುವುದು ಸೊನ್ನೆ ಬೈಟ್. ಸರಿಯಾದ ಕ್ರಮ ಹೀಗೆ: ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್‌ಗೆ ಬರೆಯಿರಿ, ಎಫ್‌ಸಿಂಕ್ ಮಾಡಿ ಡಿಸ್ಕಿಗೆ ಇಳಿಸಿ, ಆಮೇಲೆ ಅಸಲಿ ಹೆಸರಿಗೆ ರೀನೇಮ್ ಮಾಡಿ. ಲಿನಕ್ಸ್‌ನಲ್ಲಿ ಒಂದೇ ಫೈಲ್ ಸಿಸ್ಟಮ್‌ನೊಳಗಿನ ರೀನೇಮ್ ಅಖಂಡ, ಓದುವವರಿಗೆ ಹಳೆಯದು ಪೂರ್ತಿ ಸಿಗುತ್ತದೆ ಇಲ್ಲವೇ ಹೊಸದು ಪೂರ್ತಿ ಸಿಗುತ್ತದೆ. ತಾತ್ಕಾಲಿಕ ಫೈಲನ್ನು ಟೆಂಪ್ ಫೋಲ್ಡರ್‌ನಲ್ಲಿಟ್ಟರೆ ಅದು ಬೇರೆ ಫೈಲ್ ಸಿಸ್ಟಮ್ ಆಗಿದ್ದು ರೀನೇಮ್ ಸೋಲಬಹುದು. ಅಪ್ಲಿಕೇಶನ್ ಅನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ (ಕಂಟೇನರ್) ಓಡಿಸುವ ಡಾಕರ್‌ನಲ್ಲಿ ಒಂಟಿ ಫೈಲನ್ನು ಮೌಂಟ್ ಮಾಡಿದ್ದರೂ (ಹೊರಗಿನಿಂದ ಜೋಡಿಸಿದ್ದರೂ) ಇದೇ ಗತಿ, ಆದ್ದರಿಂದ ಫೋಲ್ಡರನ್ನೇ ಮೌಂಟ್ ಮಾಡಿ.

ಸಾರ್ವಜನಿಕ ಪುಟಕ್ಕೆ ಹೋಗುವ ಜೇಸನ್‌ನಲ್ಲಿ ಸೇವಾಕರ್ತರ ಫೋನ್ ನಂಬರ್ ಸೇರಿಹೋಗುವುದು ಬಹಳ ಕಡೆ ಕಾಣುವ ತಪ್ಪು. ಪರದೆಯಲ್ಲಿ ತೋರಿಸದಿದ್ದರೇನು, ಡೆವಲಪರ್ ಟೂಲ್ಸ್ ತೆರೆದವರಿಗೆ ಎಲ್ಲವೂ ಸಿಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಫೋನ್ ನಂಬರ್ ವೈಯಕ್ತಿಕ ದತ್ತಾಂಶ. ಸರ್ವರ್‌ನಲ್ಲೇ ಬೇಕಾದ ಕಾಲಂ ಮಾತ್ರ ಆರಿಸಿ ಕಳಿಸಿ.

ಗೂಗಲ್ ಶೀಟ್ಸ್

ಕಚೇರಿಯವರಿಗೆ ಶೀಟ್ ತಿದ್ದುವುದು ಗೊತ್ತಿರುತ್ತದೆ, ಅದೇ ಇದರ ದೊಡ್ಡ ಬಲ. ಅವರು ಶೀಟ್‌ನಲ್ಲಿ ಬರೆಯಲಿ, ಸೈಟ್ ಅದನ್ನು ಓದಿ ತೋರಿಸಲಿ ಎಂಬ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಪ್ರತಿ ಪುಟ ತೆರೆದಾಗಲೂ ಶೀಟ್ ಓದಬೇಡಿ. ಎಪಿಐಯ (ಪ್ರೋಗ್ರಾಮ್‌ಗಳು ಶೀಟನ್ನು ತಲುಪುವ ದಾರಿಯ) ಓದುವ ಮಿತಿ ಒಬ್ಬ ಬಳಕೆದಾರರ ಲೆಕ್ಕದಲ್ಲಿ ನಿಮಿಷಕ್ಕೆ 60, ಪ್ರಾಜೆಕ್ಟ್‌ಗೆ 300. ನಿಮ್ಮ ಸರ್ವರ್ ಒಂದೇ ಸರ್ವಿಸ್ ಅಕೌಂಟ್‌ನಿಂದ (ಪ್ರೋಗ್ರಾಮ್‌ಗಾಗಿ ಮಾಡಿದ ಖಾತೆಯಿಂದ) ಓದುತ್ತಿದ್ದರೆ ಆ 60ರ ಮಿತಿಯೇ ಅನ್ವಯ, ದಾಟಿದರೆ 429 ಎಂಬ ‘ಮಿತಿ ಮೀರಿದೆ’ ದೋಷ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಓದಿ ಸರ್ವರ್‌ನಲ್ಲಿ ಇಟ್ಟುಕೊಳ್ಳಿ. ಎಪಿಐ ಮೂಲಕ ಬರೆಯುವುದಾದರೆ ‘ರಾ’ ವಿಧಾನ ಆರಿಸಿ, ಇನ್ನೊಂದು ವಿಧಾನದಲ್ಲಿ ಶೀಟ್ಸ್ ತನ್ನ ಊಹೆಯಂತೆ 1-2 ಎಂಬುದನ್ನು ದಿನಾಂಕ ಮಾಡಿಬಿಡುತ್ತದೆ. ಒಂದೇ ದಿನಕ್ಕೆ ಒಂದೇ ಮೇಳ ಎರಡು ಸಲ ಬರೆಯಬಾರದು ಎಂದು ತಡೆಯುವ ಗಟ್ಟಿ ಬೀಗ ಶೀಟ್‌ನಲ್ಲಿಲ್ಲ. ಬುಕಿಂಗ್‌ಗೆ ಬೇಕಾದ್ದೇ ಆ ಬೀಗ.

ಎಸ್‌ಕ್ಯೂಲೈಟ್

ಡಿ. ರಿಚರ್ಡ್ ಹಿಪ್ 2000ದಲ್ಲಿ ಇದನ್ನು ಶುರುಮಾಡಿದ್ದು ಅಮೆರಿಕ ನೌಕಾಪಡೆಯ ಹಡಗಿನ ತಂತ್ರಾಂಶಕ್ಕಾಗಿ. ಡೇಟಾಬೇಸ್ ಸರ್ವರ್ ಬಿದ್ದರೂ ತಂತ್ರಾಂಶ ನಿಲ್ಲಬಾರದು ಎಂಬುದು ಬೇಡಿಕೆಯಾಗಿತ್ತು, ಆದ್ದರಿಂದ ಸರ್ವರೇ ಇಲ್ಲದ ಡೇಟಾಬೇಸ್ ಹುಟ್ಟಿತು. ಇಡೀ ಡೇಟಾಬೇಸ್ ಒಂದು ಫೈಲ್. ಪೈಥಾನ್‌ನಲ್ಲಿ ಅದರೊಂದಿಗೇ ಬರುತ್ತದೆ, ಪಿಎಚ್‌ಪಿಯಲ್ಲಿ ಪಿಡಿಒ ಮೂಲಕ ಸಿಗುತ್ತದೆ. ಹಂಚಿಕೆಯ ಹೋಸ್ಟಿಂಗ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ದಿನಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಹಿಟ್ ಇರುವ ಸೈಟಿಗೆ ಇದು ಸಾಕು ಎಂದು ಅದನ್ನು ಕಟ್ಟಿದವರೇ ಬರೆದಿದ್ದಾರೆ, ಅದೂ ಕೈ ಬಿಗಿಹಿಡಿದು ಹೇಳಿದ ಅಂದಾಜು.

ನಮ್ಮ ಬುಕಿಂಗ್‌ಗೆ ಇದು ಕೊಡುವ ದೊಡ್ಡ ವರ ಯುನೀಕ್ ಇಂಡೆಕ್ಸ್. ಮೇಳ ಮತ್ತು ದಿನಾಂಕ ಸೇರಿ ಒಂದು ಯುನೀಕ್ ಇಂಡೆಕ್ಸ್ ಹಾಕಿದರೆ ಒಂದೇ ರಾತ್ರಿಗೆ ಒಂದೇ ಮೇಳವನ್ನು ಎರಡು ಕಡೆ ಬರೆಯಲು ಡೇಟಾಬೇಸೇ ಬಿಡುವುದಿಲ್ಲ, ನಿಮ್ಮ ಕೋಡ್ ಮರೆತರೂ. ಎರಡನೆಯವರಿಗೆ ಯುನೀಕ್ ಕನ್‌ಸ್ಟ್ರೇಂಟ್ ದೋಷ ಬರುತ್ತದೆ, ಅದನ್ನು ಹಿಡಿದು ‘ಆ ದಿನ ಒಂದನೇ ಮೇಳಕ್ಕೆ ಬೇರೆ ಆಟವಿದೆ’ ಎಂದು ತೋರಿಸಿ. ರದ್ದಾದ ಬುಕಿಂಗ್‌ಗಳ ಸಾಲು ಉಳಿಸಿಕೊಳ್ಳಬೇಕಲ್ಲ, ಅವು ಆ ದಿನವನ್ನು ಹಿಡಿದು ಕೂರಬಾರದು. ಅದಕ್ಕೆ ‘ಸ್ಥಿತಿ ರದ್ದು ಆಗಿರದ ಸಾಲುಗಳಿಗೆ ಮಾತ್ರ’ ಎಂಬ ವೇರ್ ಷರತ್ತು ಸೇರಿಸಿ ಪಾರ್ಷಿಯಲ್ ಇಂಡೆಕ್ಸ್ ಮಾಡಿ. ‘ಮೊದಲು ಹುಡುಕಿ ನೋಡು, ಖಾಲಿ ಇದ್ದರೆ ಬರೆ’ ಎಂದು ಕೋಡ್‌ನಲ್ಲಿ ಬರೆದದ್ದನ್ನು ಮಾತ್ರ ನಂಬಿಕೊಂಡರೆ ಹುಡುಕುವುದಕ್ಕೂ ಬರೆಯುವುದಕ್ಕೂ ನಡುವಿನ ಮಿಲಿಸೆಕೆಂಡಿನಲ್ಲಿ ಇನ್ನೊಬ್ಬರು ನುಗ್ಗುತ್ತಾರೆ.

ಎಸ್‌ಕ್ಯೂಲೈಟ್ ಅನ್ನು ಬಾಕ್ಸಿನಿಂದ ತೆಗೆದ ಹಾಗೇ ಬಳಸಿದರೆ ವೆಬ್‌ಗೆ ಒಗ್ಗುವುದಿಲ್ಲ. ನಾಲ್ಕು ತಿದ್ದುಪಡಿ ಬೇಕು.

ಮೊದಲನೆಯದು ಜರ್ನಲ್ ಮೋಡ್ ಅನ್ನು ವಾಲ್‌ಗೆ, ಅಂದರೆ ಬದಲಾವಣೆಗಳನ್ನು ಮೊದಲು ಬೇರೊಂದು ಫೈಲ್‌ನಲ್ಲಿ ಬರೆಯುವ ವಿಧಾನಕ್ಕೆ, ಬದಲಿಸುವುದು. ಇದು 2010ರಲ್ಲಿ ಬಂದ 3.7.0 ಆವೃತ್ತಿಯಿಂದ ಇದೆ. ವಾಲ್ ಇದ್ದರೆ ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರು ಓದುವವರನ್ನು ತಡೆಯುವುದಿಲ್ಲ. ಬರೆಯುವವರು ಮಾತ್ರ ಒಂದು ಹೊತ್ತಿಗೆ ಒಬ್ಬರೇ. ಒಂದು ಸಲ ಹಾಕಿದರೆ ಫೈಲ್‌ನಲ್ಲೇ ಉಳಿಯುತ್ತದೆ.

ಎರಡನೆಯದು ಬಿಜಿ ಟೈಮ್‌ಔಟ್, ಅಂದರೆ ಬರೆಯಲು ಸರದಿ ಕಾಯುವ ಹೊತ್ತು. ಎಸ್‌ಕ್ಯೂಲೈಟ್‌ನ ಮೂಲದಲ್ಲಿ ಇದು ಸೊನ್ನೆ. ಇನ್ನೊಬ್ಬರು ಬರೆಯುತ್ತಿದ್ದರೆ ಒಂದು ಕ್ಷಣವೂ ಕಾಯದೆ ‘ಡೇಟಾಬೇಸ್ ಈಸ್ ಲಾಕ್ಡ್’ ಎಂದು ವಾಪಸ್ ಬರುತ್ತದೆ. ಪೈಥಾನ್‌ನ ಲೈಬ್ರರಿ ತಾನಾಗಿ 5 ಸೆಕೆಂಡ್ ಹಾಕಿಕೊಳ್ಳುತ್ತದೆ, ಎಲ್ಲ ಭಾಷೆಗಳಲ್ಲೂ ಹಾಗಿಲ್ಲ. 5000 ಮಿಲಿಸೆಕೆಂಡ್ ಎಂದು ನೀವೇ ಬರೆಯಿರಿ. ಇದು ಪ್ರತಿ ಸಂಪರ್ಕಕ್ಕೂ ಹೊಸದಾಗಿ ಹೇಳಬೇಕಾದ ಮಾತು.

ಮೂರನೆಯದು ಫಾರಿನ್ ಕೀ, ಅಂದರೆ ಒಂದು ಟೇಬಲ್‌ನಲ್ಲಿ ಬರೆದ ಐಡಿ ಇನ್ನೊಂದರಲ್ಲಿ ನಿಜಕ್ಕೂ ಇದೆಯೇ ಎಂಬ ತಪಾಸಣೆ. ಹಳೆಯ ತಂತ್ರಾಂಶಗಳು ಮುರಿಯಬಾರದೆಂದು ಇದು ಮೊದಲಿನಿಂದಲೂ ಆಫ್ ಆಗಿರುತ್ತದೆ. ಇಲ್ಲದ ಮೇಳದ ಐಡಿ ಹಾಕಿ ಬುಕಿಂಗ್ ಬರೆದರೂ ಬಾಯಿ ಬಿಡುವುದಿಲ್ಲ. ಇದನ್ನೂ ಪ್ರತಿ ಸಂಪರ್ಕದಲ್ಲಿ ಆನ್ ಮಾಡಬೇಕು.

ನಾಲ್ಕನೆಯದು ಟೇಬಲ್ ಮಾಡುವಾಗ ಕೊನೆಯಲ್ಲಿ ‘ಸ್ಟ್ರಿಕ್ಟ್’ ಎಂದು ಸೇರಿಸುವುದು. 2021ರ ಕೊನೆಗೆ ಬಂದ 3.37ರಿಂದ ಇದು ಸಾಧ್ಯ. ಇಲ್ಲದಿದ್ದರೆ ಮುಂಗಡ ಎಂಬ ಇಂಟಿಜರ್ (ಪೂರ್ಣಾಂಕ) ಕಾಲಂನಲ್ಲಿ ಯಾರೋ ‘ಐದು ಸಾವಿರ’ ಎಂದು ಅಕ್ಷರದಲ್ಲಿ ಬರೆದರೂ ಒಪ್ಪಿಕೊಂಡು, ಮೊತ್ತ ಕೂಡಿಸುವಾಗ ಸೊನ್ನೆ ಎಂದು ಎಣಿಸುತ್ತದೆ. ಸ್ಟ್ರಿಕ್ಟ್ ಇದ್ದರೆ ಬರೆಯುವ ಹೊತ್ತಿಗೇ ತಿರಸ್ಕಾರ.

ಈ ನಾಲ್ಕೂ ಮಾಡಿದ ಮೇಲೂ ಕೆಲವರಿಗೆ ‘ಲಾಕ್ಡ್’ ದೋಷ ಬರುತ್ತಲೇ ಇರುತ್ತದೆ, ಟೈಮ್‌ಔಟ್ ಎಷ್ಟು ಹೆಚ್ಚಿಸಿದರೂ ಹೋಗುವುದಿಲ್ಲ. ಕಾರಣ ಟ್ರಾನ್ಸಾಕ್ಷನ್ ಶುರುವಾದ ರೀತಿಯಲ್ಲಿದೆ. ಬರೀ ‘ಬಿಗಿನ್’ ಎಂದು ತೆರೆದರೆ ಅದು ಓದುವ ಟ್ರಾನ್ಸಾಕ್ಷನ್ ಆಗಿ ಶುರುವಾಗಿ, ಮೊದಲ ಬರಹ ಬಂದಾಗ ಬರೆಯುವ ಟ್ರಾನ್ಸಾಕ್ಷನ್ ಆಗಲು ನೋಡುತ್ತದೆ. ಅಷ್ಟರಲ್ಲಿ ಬೇರೆಯವರು ಬರೆದು ಮುಗಿಸಿದ್ದರೆ ನಿಮ್ಮ ಕೈಯಲ್ಲಿರುವ ಡೇಟಾದ ಚಿತ್ರ ಹಳಸಿದೆ, ಕಾದರೂ ಪ್ರಯೋಜನವಿಲ್ಲ. ಅದಕ್ಕೇ ಕಾಯದೆ ತಕ್ಷಣ ದೋಷ ಕೊಡುತ್ತದೆ. ಬರೆಯುವ ಉದ್ದೇಶ ಇರುವ ಟ್ರಾನ್ಸಾಕ್ಷನನ್ನು ‘ಬಿಗಿನ್ ಇಮ್ಮೀಡಿಯೆಟ್’ ಎಂದೇ ತೆರೆಯಿರಿ. ಆಗ ಸರದಿ ಮೊದಲೇ ಸಿಗುತ್ತದೆ, ಟೈಮ್‌ಔಟ್ ಕೂಡ ಕೆಲಸ ಮಾಡುತ್ತದೆ. ಟ್ರಾನ್ಸಾಕ್ಷನ್ ತೆರೆದಿಟ್ಟು ಎಸ್‌ಎಂಎಸ್ ಕಳಿಸುವ, ಪೇಮೆಂಟ್ ಗೇಟ್‌ವೇಗೆ ಕಾಯುವ ಕೆಲಸ ಬೇಡವೇ ಬೇಡ. ಬರೆಯುವುದು ಕೆಲವು ಮಿಲಿಸೆಕೆಂಡಿನಲ್ಲಿ ಮುಗಿಯುವ ಕೆಲಸವಾಗಿಯೇ ಇರಲಿ.

ಫೈಲ್ ಎಲ್ಲಿಡಬೇಕು ಎನ್ನುವುದರಲ್ಲೂ ತಪ್ಪಾಗುತ್ತದೆ. ಸೈಟಿನ ಸಾರ್ವಜನಿಕ ಫೋಲ್ಡರ್‌ನೊಳಗೆ ಇಟ್ಟರೆ ವಿಳಾಸ ಊಹಿಸಿದವರು ಇಡೀ ಡೇಟಾಬೇಸ್ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅದರ ಹೊರಗಿಡಿ. ವಾಲ್ ಮೋಡ್‌ನಲ್ಲಿ ಮುಖ್ಯ ಫೈಲ್ ಪಕ್ಕದಲ್ಲೇ ವಾಲ್, ಎಸ್‌ಎಚ್‌ಎಂ ಎಂಬ ಬಾಲ ಇರುವ ಇನ್ನೆರಡು ಫೈಲ್ ಹುಟ್ಟುತ್ತವೆ, ಆದ್ದರಿಂದ ವೆಬ್ ಸರ್ವರ್‌ನ ಬಳಕೆದಾರರಿಗೆ ಫೈಲ್ ಜತೆಗೆ ಆ ಫೋಲ್ಡರ್‌ಗೂ ಬರೆಯುವ ಅನುಮತಿ ಬೇಕು. ಇದನ್ನು ಮರೆತಾಗ ‘ರೀಡ್‌ಓನ್ಲಿ ಡೇಟಾಬೇಸ್’ ಎಂಬ ದೋಷ ಬಂದು ಜನ ಫೈಲ್‌ನ ಅನುಮತಿಯನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ಎನ್‌ಎಫ್‌ಎಸ್‌ನಂಥ ನೆಟ್‌ವರ್ಕ್ ಡಿಸ್ಕಿನಲ್ಲಿ ಇಡಬೇಡಿ. ವಾಲ್‌ಗೆ ಒಂದೇ ಯಂತ್ರದ ಹಂಚಿಕೆಯ ಮೆಮೊರಿ ಬೇಕು. ಹೊಸ ಡಿಪ್ಲಾಯ್ ಆದಾಗಲೆಲ್ಲ ಡಿಸ್ಕ್ ಅಳಿಸುವ ಕಂಟೇನರ್ ಹೋಸ್ಟಿಂಗ್‌ನಲ್ಲಿ ಪ್ರತ್ಯೇಕ ವಾಲ್ಯೂಮ್ (ಉಳಿಯುವ ಡಿಸ್ಕ್) ಜೋಡಿಸದಿದ್ದರೆ ಮೊದಲ ಅಪ್‌ಡೇಟ್‌ಗೇ ಎಲ್ಲ ಬುಕಿಂಗ್ ಹೋಗುತ್ತದೆ.

ಬ್ಯಾಕಪ್ ಎಂದು ಮುಖ್ಯ ಫೈಲ್ ಒಂದನ್ನೇ ನಕಲು ಮಾಡಿದರೆ ವಾಲ್‌ನಲ್ಲಿ ಕೂತಿರುವ ಇತ್ತೀಚಿನ ಸಾಲುಗಳು ಅದರಲ್ಲಿ ಬರುವುದಿಲ್ಲ. ನಕಲಾಗುವಾಗಲೇ ಯಾರಾದರೂ ಬರೆದರೆ ಪ್ರತಿ ಹಾಳಾಗಲೂಬಹುದು. ‘ವ್ಯಾಕ್ಯೂಮ್ ಇನ್‌ಟು’ ಆಜ್ಞೆ ಅಥವಾ ಕಮಾಂಡ್ ಲೈನ್‌ನ ‘ಬ್ಯಾಕಪ್’ ಬಳಸಿ, ಸೈಟ್ ನಡೆಯುತ್ತಿರುವಾಗಲೇ ಸುರಕ್ಷಿತ ಪ್ರತಿ ಸಿಗುತ್ತದೆ. ವ್ಯಾಕ್ಯೂಮ್ ಇನ್‌ಟು ಈಗಾಗಲೇ ಇರುವ ಫೈಲ್ ಮೇಲೆ ಬರೆಯುವುದಿಲ್ಲ, ಹಾಗಾಗಿ ಹೆಸರಿನಲ್ಲಿ ದಿನಾಂಕ ಸೇರಿಸಿ. ಐದು ಎಂಬಿಯ ಡೇಟಾಗೆ ಗಂಟೆಗೊಂದು ಪ್ರತಿ ತೆಗೆದರೂ ದಿನಕ್ಕೆ 120 ಎಂಬಿ, ಅದನ್ನು ಬೇರೆ ಯಂತ್ರಕ್ಕೆ ಕಳಿಸಿ. ಗಂಟೆಯ ನಷ್ಟವೂ ಆಗಬಾರದು ಎಂದಾದರೆ ಲೈಟ್‌ಸ್ಟ್ರೀಮ್ ಇದೆ, ಅದು ವಾಲ್‌ನ ಬದಲಾವಣೆಗಳನ್ನು ಬಿಡದೆ ಎಸ್3 ಮಾದರಿಯ ಕ್ಲೌಡ್ ಸಂಗ್ರಹಕ್ಕೆ ಕಳಿಸುತ್ತಿರುತ್ತದೆ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ನಿಜವಾಗಿ ತೆರೆದು, ‘ಇಂಟೆಗ್ರಿಟಿ ಚೆಕ್’ ಓಡಿಸಿ, ಈ ವಾರದ ಬುಕಿಂಗ್ ಇದೆಯೇ ಎಂದು ಕಣ್ಣಾರೆ ನೋಡಿ.

ಕನ್ನಡದ ಡೇಟಾಕ್ಕೆ ಬೇಕಾದ ಎಚ್ಚರ

ಯಾವ ಡೇಟಾಬೇಸ್ ಆರಿಸಿದರೂ ಇದು ಬೇಕೇ ಬೇಕು, ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ. ಕೊಕ್ಕಡದ ‘ಕೊ’ವನ್ನು ಎರಡು ರೀತಿಯಲ್ಲಿ ಬರೆದಿಡಬಹುದು: ಕ ಜತೆಗೆ ಒ-ಕಾರದ ಒಂದೇ ಚಿಹ್ನೆ, ಅಥವಾ ಕ ಜತೆಗೆ ಎ-ಕಾರ, ಊ-ಕಾರದ ಎರಡು ಚಿಹ್ನೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಒಂದು ಕೀಬೋರ್ಡಿನಿಂದ ಬಂದ ಊರು ಇನ್ನೊಂದು ಕೀಬೋರ್ಡಿನಿಂದ ಹುಡುಕಿದರೆ ಸಿಗದಿರುವುದು ಇದರಿಂದಲೇ. ಒಳಬರುವ ಎಲ್ಲ ಪಠ್ಯವನ್ನೂ ಬರೆಯುವ ಮೊದಲು ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ನಾರ್ಮಲೈಸ್ ಮಾಡಿ, ಹುಡುಕುವ ಪದವನ್ನೂ ಹಾಗೇ ಮಾಡಿ. ಜಾವಾಸ್ಕ್ರಿಪ್ಟ್, ಪೈಥಾನ್ ಎರಡರಲ್ಲೂ ಇದು ಒಂದು ಸಾಲಿನ ಕೆಲಸ. ‘ರಾಜ್‌ಕುಮಾರ್’ ಎಂಬಲ್ಲಿ ನಡುವೆ ಕೂತು ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಚಿಹ್ನೆಯನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹೆಸರನ್ನು ಬರೆದ ಹಾಗೇ ಒಂದು ಕಾಲಂನಲ್ಲಿಟ್ಟು, ಆ ಚಿಹ್ನೆ ತೆಗೆದ ಪ್ರತಿಯನ್ನು ಹುಡುಕಾಟದ ಇನ್ನೊಂದು ಕಾಲಂನಲ್ಲಿಡಿ.

ಅಕಾರಾದಿ ಜೋಡಣೆಯೂ ತಪ್ಪುತ್ತದೆ. ಯುನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಪಕ್ಕದಲ್ಲಿ, ವ-ಶ-ಷ-ಸ-ಹಗಳಿಗಿಂತ ಮೊದಲು. ಎಸ್‌ಕ್ಯೂಲೈಟ್ ಬೈಟ್‌ಗಳನ್ನು ಹೋಲಿಸಿ ಜೋಡಿಸುವುದರಿಂದ ಕಳಸ ಮೊದಲು ಬಂದು ಕಸಬಾ ಆಮೇಲೆ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಕಸಬಾ ಮೊದಲು. 900 ಸಾಲನ್ನು ಡೇಟಾಬೇಸ್‌ನಿಂದ ತಂದು ಜಾವಾಸ್ಕ್ರಿಪ್ಟ್‌ನಲ್ಲಿ ಭಾಷೆಗಳ ಅಕ್ಷರಕ್ರಮ ಬಲ್ಲ ಇಂಟಲ್ ಕೊಲೇಟರ್‌ಗೆ ಕನ್ನಡದ ಲೊಕೇಲ್ ಕೊಟ್ಟು ಜೋಡಿಸುವುದು ಸರಳ. ಕಸಬಾ, ಕಳಸ ಎರಡನ್ನೂ ಹಾಕಿ ಪರೀಕ್ಷೆ ಮಾಡಿ.

ಕನ್ನಡ ಅಂಕಿಯಲ್ಲಿ ‘೫೦೦೦’ ಎಂದು ಮುಂಗಡ ಬರೆಯುವವರಿದ್ದಾರೆ. ಪೈಥಾನ್‌ನ ಇಂಟ್ ಅದನ್ನು 5000 ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್‌ನ ನಂಬರ್ ಓದುವುದಿಲ್ಲ. ಒಳಬರುವಾಗಲೇ ಪರಿವರ್ತಿಸಿ. ಹಣವನ್ನು ಪೂರ್ಣಾಂಕದಲ್ಲಿ, ಪೈಸೆ ಲೆಕ್ಕದಲ್ಲಿಡಿ. ಫೋನ್ ನಂಬರ್ ಪಠ್ಯವಾಗಿರಲಿ. ದಿನಾಂಕ ವರ್ಷ-ತಿಂಗಳು-ದಿನ ಕ್ರಮದ ಪಠ್ಯವಾಗಿರಲಿ, 2026-02-14 ಹಾಗೆ, ಆಗ ಜೋಡಣೆ ತಾನಾಗಿ ಸರಿಬರುತ್ತದೆ.

ಪೋಸ್ಟ್‌ಗ್ರೆಸ್ ಯಾವಾಗ

ಅಪ್ಲಿಕೇಶನ್ ಎರಡು ಸರ್ವರ್‌ನಲ್ಲಿ ಓಡಬೇಕು, ಸರ್ವರ್‌ಲೆಸ್ ಹೋಸ್ಟಿಂಗ್‌ನಲ್ಲಿ (ಬೇಕಾದಾಗ ಮಾತ್ರ ಕೋಡ್ ಓಡಿಸುವ ಸೇವೆಯಲ್ಲಿ) ಉಳಿಯುವ ಡಿಸ್ಕೇ ಇಲ್ಲ, ಅಥವಾ ಲೆಕ್ಕಪತ್ರದ ಇನ್ನೊಂದು ತಂತ್ರಾಂಶವೂ ಅದೇ ಡೇಟಾ ಓದಬೇಕು. ಈ ಮೂರರಲ್ಲಿ ಒಂದು ಇದ್ದರೆ ಪೋಸ್ಟ್‌ಗ್ರೆಸ್‌ಗೆ ಹೋಗಿ. ಎಸ್‌ಕ್ಯೂಲೈಟ್‌ನಲ್ಲಿ ಸುಲಭವಾಗಿ ಸಿಗದ ಒಂದು ಸವಲತ್ತು ಮೇಳದವರಿಗೆ ನಿಜಕ್ಕೂ ಉಪಯೋಗ. ಒಬ್ಬರೇ ಸೇವಾಕರ್ತರು ಮೂರು ರಾತ್ರಿ ಸತತ ಆಟ ಹಿಡಿದರೆ ಅದನ್ನು ದಿನಾಂಕದ ವ್ಯಾಪ್ತಿಯಾಗಿ ಒಂದೇ ಸಾಲಿನಲ್ಲಿ ಬರೆದು, ಒಂದೇ ಮೇಳದ ಎರಡು ವ್ಯಾಪ್ತಿ ಒಂದರ ಮೇಲೊಂದು ಬರಬಾರದು ಎಂದು ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಹಾಕಬಹುದು. ಅದಕ್ಕೆ ಬಿಟ್ರೀ-ಜಿಸ್ಟ್ ಎಕ್ಸ್‌ಟೆನ್ಷನ್ ಬೇಕು. 2014ರ 9.4 ಆವೃತ್ತಿಯಿಂದ ಜೇಸನ್ ಮಾಹಿತಿಯನ್ನೇ ಇಡಬಹುದಾದ ಜೇಸನ್‌ಬಿ ಕಾಲಂ ಇದೆ, ರೂಪ ಇನ್ನೂ ನಿಶ್ಚಯವಾಗದ ಮಾಹಿತಿಗೆ ಒಳ್ಳೆಯದು. ದಿನಾಂಕ, ಹಣ, ಮೇಳ ಇಂಥ ಗೊತ್ತಿರುವ ಕಾಲಂಗಳನ್ನೂ ಅದರೊಳಗೆ ತುರುಕಿದರೆ ಯಾವ ಬೀಗವೂ ಇಲ್ಲದ ಜೇಸನ್ ಫೈಲ್ ಸ್ಥಿತಿಗೇ ಮರಳಿದ ಹಾಗೆ.

ಇದಕ್ಕೆ ತೆರುವ ಬೆಲೆ ನಿರ್ವಹಣೆ. ಒಂದೊಂದು ಸಂಪರ್ಕಕ್ಕೂ ಪೋಸ್ಟ್‌ಗ್ರೆಸ್ ಒಂದು ಪ್ರೊಸೆಸ್ ತೆರೆಯುತ್ತದೆ, ಸಂಪರ್ಕದ ಮಿತಿ ಮೊದಲಿಗೆ 100. ಸರ್ವರ್‌ಲೆಸ್ ಫಂಕ್ಷನ್‌ಗಳು ತಲೆಗೊಂದು ಸಂಪರ್ಕ ಹಿಡಿದರೆ ಅದು ಬೇಗ ಮುಗಿಯುತ್ತದೆ, ಸಂಪರ್ಕಗಳನ್ನು ಹಂಚಿ ಬಳಸುವ ಪಿಜಿಬೌನ್ಸರ್ ನಡುವೆ ಹಾಕಬೇಕು. ಒಂದು ಮುಖ್ಯ ಆವೃತ್ತಿಗೆ ಐದು ವರ್ಷ ಬೆಂಬಲ, ಆಮೇಲೆ ಏರಿಸುವ ಕೆಲಸ ಯಾರಾದರೂ ಮಾಡಬೇಕು. ದೇವಸ್ಥಾನದ ಕಚೇರಿಯಲ್ಲಿ ಅಂಥವರು ಇಲ್ಲದಿದ್ದರೆ ತಿಂಗಳ ಬಾಡಿಗೆ ಕೊಟ್ಟು ನಿರ್ವಹಿತ ಸೇವೆ ತೆಗೆದುಕೊಳ್ಳಿ.

ಉಳಿದ ಎರಡು

ಗೂಗಲ್‌ನ ಕ್ಲೌಡ್ ಡೇಟಾಬೇಸ್ ಫೈರ್‌ಸ್ಟೋರ್ ಮೊಬೈಲ್ ಆಪ್ ಮಾಡುವವರಿಗೆ ಹಿಡಿಸುತ್ತದೆ, ಆಫ್‌ಲೈನ್ ಪ್ರತಿ ತಾನೇ ನೋಡಿಕೊಳ್ಳುತ್ತದೆ. ಬಿಲ್ ಲೆಕ್ಕ ಮಾತ್ರ ಓದಿದ ಡಾಕ್ಯುಮೆಂಟ್‌ಗಳ (ದಾಖಲೆಗಳ) ಮೇಲೆ. ಉಚಿತ ಮಿತಿ ದಿನಕ್ಕೆ 50,000 ಓದು. ಮುಖಪುಟ ತೆರೆದಾಗಲೆಲ್ಲ 900 ಬುಕಿಂಗ್ ಪೂರ್ತಿ ಓದಿದರೆ 56ನೇ ಭೇಟಿಗೆ ಮಿತಿ ಮುಗಿಯಿತು. ಒಂದು ತಿಂಗಳ ಆಟಗಳನ್ನು ಒಂದು ಡಾಕ್ಯುಮೆಂಟ್‌ನಲ್ಲಿ ಸೇರಿಸಿ ಸಾರ್ವಜನಿಕ ಪುಟಕ್ಕೆ ಇಟ್ಟರೆ ಭೇಟಿಗೆ ಒಂದೇ ಓದು, ಡಾಕ್ಯುಮೆಂಟ್‌ನ 1 ಎಂಬಿ ಮಿತಿಯೊಳಗೆ ಆರಾಮವಾಗಿ ಹಿಡಿಸುತ್ತದೆ. ಯುನೀಕ್ ಕನ್‌ಸ್ಟ್ರೇಂಟ್ ಇಲ್ಲಿ ಇಲ್ಲ. ಮೇಳ ಮತ್ತು ದಿನಾಂಕ ಸೇರಿಸಿ ಡಾಕ್ಯುಮೆಂಟ್ ಐಡಿ ಮಾಡಿ, ‘ಇಲ್ಲದಿದ್ದರೆ ಮಾತ್ರ ಸೃಷ್ಟಿಸು’ ಎಂದು ಬರೆದರೆ ಅದೇ ಕೆಲಸ ಆಗುತ್ತದೆ.

ರೆಡಿಸ್ ಎಂಬ ವೇಗದ ಸಂಗ್ರಹವನ್ನು ಒಟಿಪಿ, ಸೆಷನ್, ಎಣಿಕೆಗಳಿಗೆ ಇಟ್ಟುಕೊಳ್ಳಿ. ಐದು ನಿಮಿಷಕ್ಕೆ ತಾನಾಗಿ ಅಳಿಯುವ ಒಟಿಪಿಗೆ ಇದಕ್ಕಿಂತ ಸಲೀಸಾದದ್ದಿಲ್ಲ. ಡೇಟಾ ಇರುವುದು ಮೆಮೊರಿಯಲ್ಲಿ. ಡಿಸ್ಕಿಗೆ ಸೆಕೆಂಡಿಗೊಮ್ಮೆ ಬರೆಯುವ ಎಒಎಫ್ ಎಂಬ ದಾಖಲೆ ಹಾಕಿದರೂ ಯಂತ್ರ ಬಿದ್ದರೆ ಕೊನೆಯ ಒಂದು ಸೆಕೆಂಡ್ ಹೋಗಬಹುದು. ರಸೀದಿ ಕೊಟ್ಟ ಬುಕಿಂಗ್‌ಗೆ ಇದು ಒಪ್ಪುವ ಮಾತಲ್ಲ.

ಜೇಸನ್‌ನಿಂದ ಎಸ್‌ಕ್ಯೂಲೈಟ್‌ಗೆ ಸಾಗಿಸುವ ಕ್ರಮ

ಈಗಾಗಲೇ ಜೇಸನ್ ಫೈಲ್‌ನಲ್ಲಿ ಬುಕಿಂಗ್ ನಡೆಯುತ್ತಿದ್ದರೆ ಮಳೆಗಾಲದಲ್ಲಿ ಬದಲಿಸಿ. ಸೈಟನ್ನು ಓದಲು ಮಾತ್ರ ಎಂದು ಮಾಡಿ, ಫೈಲ್‌ನ ಪ್ರತಿ ತೆಗೆಯಿರಿ. ಸ್ಟ್ರಿಕ್ಟ್ ಟೇಬಲ್ ಮಾಡಿ, ಯುನೀಕ್ ಇಂಡೆಕ್ಸ್ ಇನ್ನೂ ಹಾಕಬೇಡಿ. ಎಲ್ಲ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಿ. ಸಾಲಿಗೊಂದು ಟ್ರಾನ್ಸಾಕ್ಷನ್ ಆದರೆ ಪ್ರತಿ ಸಾಲಿಗೂ ಡಿಸ್ಕಿಗೆ ಇಳಿಸುವ ಕೆಲಸ ನಡೆದು ತುಂಬಾ ಹೊತ್ತು ಹಿಡಿಯುತ್ತದೆ. ಸೇರಿಸುವಾಗಲೇ ಎನ್‌ಎಫ್‌ಸಿ ಮಾಡಿ, ದಿನಾಂಕ ತಿರುಗಿಸಿ, ಅಂಕಿ ಬದಲಿಸಿ. ಆಮೇಲೆ ಸಾಲುಗಳ ಎಣಿಕೆ ಮತ್ತು ಮುಂಗಡದ ಒಟ್ಟು ಮೊತ್ತ ಎರಡೂ ಕಡೆ ತಾಳೆಯಾಗುತ್ತದೆಯೇ ನೋಡಿ.

ಈಗ ಯುನೀಕ್ ಇಂಡೆಕ್ಸ್ ಹಾಕಲು ಹೋಗಿ. ಒಪ್ಪಲಿಲ್ಲ ಎಂದರೆ ಹಳೆಯ ಫೈಲ್‌ನಲ್ಲಿ ಒಂದೇ ರಾತ್ರಿಗೆ ಎರಡು ಕಡೆ ಮಾತು ಕೊಟ್ಟಿದ್ದಾರೆ ಎಂದರ್ಥ. ಮೇಳ, ದಿನಾಂಕದ ಪ್ರಕಾರ ಗುಂಪು ಮಾಡಿ ಎಣಿಕೆ ಒಂದಕ್ಕಿಂತ ಹೆಚ್ಚಿರುವವುಗಳ ಪಟ್ಟಿ ತೆಗೆಯಿರಿ. ಅವುಗಳಲ್ಲಿ ಯಾವುದನ್ನು ಉಳಿಸಬೇಕು ಎಂದು ಸ್ಕ್ರಿಪ್ಟ್ ತೀರ್ಮಾನಿಸಬಾರದು. ಪಟ್ಟಿಯನ್ನು ಕಚೇರಿಗೆ ಕೊಟ್ಟು, ಅವರು ಎರಡೂ ಮನೆಯವರಿಗೆ ಫೋನ್ ಮಾಡಿ ಒಂದು ದಿನ ಬದಲಿಸಿದ ಮೇಲೆ ಇಂಡೆಕ್ಸ್ ಹಾಕಿ, ಸೈಟನ್ನು ಮತ್ತೆ ಬರೆಯಲು ತೆರೆಯಿರಿ. ಹಳೆಯ ಜೇಸನ್ ಫೈಲನ್ನು ಬರೆಯಲಾಗದಂತೆ ಮಾಡಿ, ಮುಂದಿನ ತಿರುಗಾಟ ಮುಗಿಯುವವರೆಗೆ ಇಟ್ಟುಕೊಳ್ಳಿ.